ವಿದ್ಯುತ್ತು ನಿಂತಾಗ ಎಣಿಕೆಯ ಗತಿ: ಯಂತ್ರಗಳ ಸ್ಥಾನಸ್ಮೃತಿಯ ಚರಿತ್ರೆಯಲ್ಲೊಂದು ಅಧ್ಯಾಯ

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿರುವ ಸಖರಾಯಪಟ್ಟಣವು ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಸ್ಥಳವಲ್ಲ. ರುಕ್ಮಾಂಗದರಾಯನ ರಾಜಧಾನಿ ಇದಾಗಿತ್ತೆಂಬ ಐತಿಹ್ಯವುಂಟು; ರಂಗನಾಥನ ದೇವಾಲಯವುಂಟು; ಎಲ್ಲಕ್ಕಿಂತ ಮಿಗಿಲಾಗಿ, ಬಾಬಾಬುಡನ್ ಗಿರಿಗಳ ಪೂರ್ವದ ತಪ್ಪಲಿನಲ್ಲಿ ಬೆಟ್ಟಗಳ ನಡುವೆ ಹರಡಿರುವ ಅಯ್ಯನಕೆರೆಯುಂಟು. ಈ ಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂದೂ, ಹೊಯ್ಸಳರ ಕಾಲದಲ್ಲಿ, ಕ್ರಿ. ಶ. 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದೂ ಹೇಳುತ್ತಾರೆ. ಇದರಿಂದ ಹೊರಡುವ ವೇದಾ ಹೊಳೆಯು ಮದಗದ ಕೆರೆಯಿಂದ ಬರುವ ಆವತಿಯೊಡನೆ ಕೂಡಿ ವೇದಾವತಿಯೆನಿಸಿ, ಮುಂದೆ ಮಾರಿಕಣಿವೆಯಲ್ಲಿ ವಾಣೀವಿಲಾಸ ಸಾಗರವನ್ನು ತುಂಬುತ್ತದೆ.

ಈ ಕೆರೆಯ ಕಾವಲುಗಾರ ಹೊನ್ನಬಿಲ್ಲನ ಕಥೆಯನ್ನು ಆ ಪ್ರಾಂತದವರೆಲ್ಲರೂ ಬಲ್ಲರು. ಪಾಠಗಳಲ್ಲಿ ಅಲ್ಪಸ್ವಲ್ಪ ಭೇದವಿದ್ದರೂ ಕಥೆಯ ತಿರುಳು ಒಂದೇ. ಕೆರೆಯ ದೇವತೆಯು ಒಂದು ರಾತ್ರಿ ಅವನಿಗೆ ಕಾಣಿಸಿಕೊಂಡು, ತಾನು ಏರಿಯನ್ನೊಡೆದು ಹೊರಡುವೆನೆಂದು ತಿಳಿಸಿದಳು. ಅರಸನಿಗೆ ಅರಿಕೆಮಾಡಿ ಹಿಂದಿರುಗುವವರೆಗೆ ನಿಲ್ಲಬೇಕೆಂದು ಅವನು ಬೇಡಿಕೊಂಡನು, ಅವಳು ಒಪ್ಪಿದಳು. ಸುದ್ದಿಯನ್ನು ಕೇಳಿದ ಅರಸನು, ಇವನು ಹಿಂದಿರುಗದಿದ್ದರೆ ಕೆರೆ ಎಂದಿಗೂ ಒಡೆಯದೆಂದು ಎಣಿಸಿ ಅವನನ್ನು ಕೊಲ್ಲಿಸಿದನು. ಇಂಥ ಕಥೆಗಳು ಬೇರೆ ಕೆರೆಗಳಿಗೂ ಉಂಟು. ಇದರಲ್ಲಿ ನಡೆದ ಸಂಗತಿ ಎಷ್ಟೆಂಬುದನ್ನು ನಿರ್ಣಯಿಸುವುದು ನಮ್ಮ ಉದ್ದೇಶವಲ್ಲ. ಕಥೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಅಂಶ ಬೇರೊಂದು. ಒಂದು ಸ್ಥಿತಿಯನ್ನು ಇದ್ದಂತೆಯೇ ಕಾದಿಡಬೇಕಾದರೆ ಕಾಯುವವನೊಬ್ಬ ಬೇಕು. ಕಾಯುವವನು ಇಲ್ಲವಾದಾಗ ಸ್ಥಿತಿಯ ಗತಿಯೇನು? ಈ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಕೆರೆಯ ವಿಷಯದಲ್ಲಿ ಕೇಳಿಕೊಂಡರು. ಕಳೆದ ನೂರಿಪ್ಪತ್ತು ವರ್ಷಗಳಿಂದ ಯಂತ್ರಶಿಲ್ಪಿಗಳು ಇದನ್ನೇ ವಿದ್ಯುತ್ತಿನ ವಿಷಯದಲ್ಲಿ ಕೇಳಿಕೊಂಡು ಬಂದಿದ್ದಾರೆ. ಮೋಟಾರು ಎಷ್ಟು ಸುತ್ತು ತಿರುಗಿ ಎಲ್ಲಿ ನಿಂತಿದೆಯೆಂಬ ಎಣಿಕೆಯು, ನಡುವೆ ವಿದ್ಯುತ್ತು ತಪ್ಪಿದರೂ ಅಳಿಯದಂತೆ ಉಳಿಯುವುದು ಹೇಗೆ? ಈ ಲೇಖನದಲ್ಲಿ ನಾವು ಪರಿಶೀಲಿಸಲುದ್ದೇಶಿಸಿರುವುದು ಇಷ್ಟನ್ನೇ. ವಿಷಯವು ಎಂಜಿನಿಯರುಗಳದೆಂದು ಚರಿತ್ರೆಯ ಅಧ್ಯಾಪಕರು ಬದಿಗಿಡತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಇದರ ಬೇರುಗಳು ನಮ್ಮ ಶಾಸನಗಳ ಕಾಲಗಣನೆಯವರೆಗೂ ಹೋಗುತ್ತವೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ವಸ್ತುವು ಎಲ್ಲಿದೆಯೆಂದು ತಿಳಿಯಲು ಎರಡು ದಾರಿಗಳುಂಟು. ಹೊರಟಲ್ಲಿಂದ ಇಟ್ಟ ಹೆಜ್ಜೆಗಳನ್ನು ಎಣಿಸುತ್ತ ಬರುವುದು ಒಂದು. ನಿಂತಲ್ಲಿಯೇ ಇರುವ ಮೈಲಿಗಲ್ಲನ್ನು ಓದುವುದು ಇನ್ನೊಂದು. ಎಣಿಸುವವನು ನಡುವೆ ನಿದ್ದೆಹೋದರೆ ಹಿಂದಿನದೆಲ್ಲವೂ ವ್ಯರ್ಥ. ಮತ್ತೆ ಹೊರಟಲ್ಲಿಗೇ ಹೋಗಬೇಕು. ಕಲ್ಲನ್ನು ಓದುವವನು ಎಷ್ಟು ಹೊತ್ತು ಮಲಗಿ ಎದ್ದರೂ ಚಿಂತೆಯಿಲ್ಲ.

ಗಳಿಗೆ ಬಟ್ಟಲು ಮೊದಲನೆಯ ಬಗೆಗೆ ಉತ್ತಮ ನಿದರ್ಶನ. ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು 24 ನಿಮಿಷಗಳಲ್ಲಿ ತುಂಬಿ ಮುಳುಗುತ್ತದೆ; ಅದೇ ಒಂದು ಗಳಿಗೆ. ಸೂರ್ಯೋದಯದಿಂದ ಸೂರ್ಯೋದಯಕ್ಕೆ 60 ಗಳಿಗೆಗಳು. ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲಿಡುತ್ತಿದ್ದ ಸಂಪ್ರದಾಯವನ್ನು ನಮ್ಮ ಹಿರಿಯರ ಬಾಯಲ್ಲಿ ವಾಚಕರು ಕೇಳಿಯೇ ಇರಬಹುದು. ಬಟ್ಟಲಿಗೆ ತಾನು ಎಷ್ಟನೆಯ ಸಲ ಮುಳುಗಿದೆನೆಂಬುದು ತಿಳಿಯದು. ಆ ಎಣಿಕೆಯಿರುವುದು ಪಕ್ಕದಲ್ಲಿ ಕುಳಿತವನ ತಲೆಯಲ್ಲಿ. ಅವನು ತೂಕಡಿಸಿದನೋ, ಮರುದಿನದ ಸೂರ್ಯೋದಯದವರೆಗೆ ತಿದ್ದುಪಡಿಗೆ ದಾರಿಯಿಲ್ಲ. ನೆರಳುಗಡಿಯಾರವು ಎರಡನೆಯ ಬಗೆಯದು. ಮೋಡ ಕವಿದು ಚೆದರಿದೊಡನೆ ಸರಿಯಾದ ಹೊತ್ತನ್ನೇ ತೋರಿಸುತ್ತದೆ, ನಡುವಿನ ಕತ್ತಲು ಅದಕ್ಕೆ ಲೆಕ್ಕಕ್ಕಿಲ್ಲ.

ಇವೆರಡರ ನಡುವೆ ಮೂರನೆಯದೊಂದು ಸ್ಥಿತಿಯುಂಟೆಂಬುದನ್ನು ಕಂಡುಕೊಂಡವರಲ್ಲಿ ಬಾಬರನೂ ಒಬ್ಬನು. ಹಿಂದೂಸ್ಥಾನದ ಗಳಿಗೆ ಬಾರಿಸುವವರನ್ನು ಕುರಿತು ಅವನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿರುವ ಭಾಗವು ಕುತೂಹಲಕರವಾಗಿದೆ. ರಾತ್ರಿಯಲ್ಲಿ ಎಚ್ಚೆತ್ತವನಿಗೆ ಮೂರು ಅಥವಾ ನಾಲ್ಕು ಪೆಟ್ಟುಗಳು ಕೇಳಿಸಿದರೆ, ಅದು ಯಾವ ಜಾವದ ಗಳಿಗೆಯೆಂಬುದು ತಿಳಿಯುತ್ತಿರಲಿಲ್ಲ. ಆದುದರಿಂದ ಗಳಿಗೆಯನ್ನು ಬಾರಿಸಿ, ತುಸು ತಡೆದು, ಜಾವದ ಸಂಖ್ಯೆಯನ್ನೂ ಬಾರಿಸತಕ್ಕದ್ದೆಂದು ಅವನು ಆಜ್ಞಾಪಿಸಿದನು. ಸುತ್ತಿನೊಳಗಿನ ಸ್ಥಾನವು ತಿಳಿದರೆ ಸಾಲದು, ಎಷ್ಟನೆಯ ಸುತ್ತೆಂಬುದೂ ತಿಳಿಯಬೇಕೆಂಬ ತತ್ತ್ವ ಇದರಲ್ಲಡಗಿದೆ. ಇಂದಿನ ಮೋಟಾರುಗಳ ಸಮಸ್ಯೆಯೂ ಇದೇ ಎಂಬುದನ್ನು ಮುಂದೆ ಕಾಣುವೆವು.

ಶಾಸನಗಳನ್ನು ಓದಿ ಬಲ್ಲವರಿಗೆ ಇದಕ್ಕಿಂತಲೂ ಹತ್ತಿರದ ನಿದರ್ಶನವಿದೆ. ಬೇಲೂರಿನ ವಿಜಯನಾರಾಯಣ ದೇವರ ಪ್ರತಿಷ್ಠೆಯು ಶಕ 1039ನೆಯ ಹೇವಿಳಂಬಿ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. 1117ರಲ್ಲಿ, ನಡೆಯಿತು. ಕಲ್ಲಿನ ಮೇಲೆ 'ಹೇವಿಳಂಬಿ ಸಂವತ್ಸರ' ಎಂದಷ್ಟೇ ಉಳಿದು ಶಕವರ್ಷವು ಸವೆದುಹೋಗಿದ್ದರೆ? 1117 ಆಗಬಹುದು, 1177 ಆಗಬಹುದು, 1237 ಆಗಬಹುದು; ಅರವತ್ತು ವರ್ಷಗಳ ಚಕ್ರದೊಳಗೆ ಸ್ಥಾನವು ನಿಷ್ಕೃಷ್ಟ, ಚಕ್ರ ಯಾವುದೆಂಬುದು ಅನಿಶ್ಚಿತ. ಆಗ ನಾವು ಲಿಪಿಯ ರೂಪವನ್ನೂ ಅರಸನ ಹೆಸರನ್ನೂ ಹಿಡಿದು ಚಕ್ರವನ್ನು ಊಹಿಸುತ್ತೇವೆ. ಶಕವರ್ಷವು ಸುತ್ತುಗಳ ಎಣಿಕೆ. ಸಂವತ್ಸರದ ಹೆಸರು ಸುತ್ತಿನೊಳಗಿನ ಗುರುತು. ಎರಡನ್ನೂ ಕೊರೆಯಿಸಿದ ಶಾಸನಕಾರರು ದೊಡ್ಡ ವಿವೇಕಿಗಳು. ಅವರಲ್ಲಿ ಕೆಲವರು ಎರಡನ್ನೂ ಹೊಂದಿಸದೆ ತಪ್ಪಾಗಿ ಕೊರೆದು, ನಮ್ಮಂಥವರ ತಲೆನೋವಿಗೆ ಕಾರಣರಾದರೆಂಬುದು ಬೇರೆ ಮಾತು.

ಇನ್ನು ಯಂತ್ರಗಳ ವಿಚಾರ. ಕೈಯಿಂದಲೋ ಉಗಿಯಿಂದಲೋ ನಡೆಯುತ್ತಿದ್ದ ಯಂತ್ರಗಳಲ್ಲಿ ಸ್ಥಾನವು ಮರೆತುಹೋಗುವುದೆಂಬ ಮಾತಿಗೆ ಅವಕಾಶವೇ ಕಡಮೆಯಾಗಿತ್ತು. ಹಳೆಯ ಕೆರೆಗಳ ತೂಬನ್ನು ನೋಡಿ. ಎರಡು ಕಲ್ಲುಕಂಬಗಳು, ಅಡ್ಡಗಲ್ಲುಗಳು, ಅವುಗಳ ತೂತುಗಳೊಳಗಿನಿಂದ ಇಳಿಯುವ ಉದ್ದನೆಯ ದಂಡ, ದಂಡದ ತುದಿಯಲ್ಲಿ ಬಿರಡೆ. ನೀರುಗಂಟಿಯು ದಂಡವನ್ನು ಬೇಕಾದಷ್ಟು ಎತ್ತಿ ಗೂಟವನ್ನು ಸಿಕ್ಕಿಸಿ ಹೋದರೆ, ಮರುದಿನ ಬಂದು ನೋಡಿದವನಿಗೆ ತೂಬು ಎಷ್ಟು ತೆರೆದಿದೆಯೆಂದು ಕಣ್ಣಿಗೇ ಕಾಣುತ್ತದೆ. ಎತ್ತುವ ದಂಡವೂ ತೋರಿಸುವ ದಂಡವೂ ಒಂದೇ. ಲೇತಿನ ತಿರುಪು ಹಾಗೆಯೇ. ಹಿಡಿಯನ್ನು ಬಿಟ್ಟು ಊಟಕ್ಕೆ ಹೋದ ಕೆಲಸಗಾರನು ಹಿಂದಿರುಗಿದಾಗ ಜಾರುಪೀಠವು ಬಿಟ್ಟಲ್ಲಿಯೇ ಇರುತ್ತದೆ, ಬಳೆಯ ಮೇಲಿನ ಗೆರೆಗಳು ಅದನ್ನು ಹೇಳುತ್ತವೆ. ಚಲಿಸುವ ಶಕ್ತಿ, ಚಲಿಸುವ ದೇಹ, ಚಲನೆಯ ನೆನಪು, ಈ ಮೂರೂ ಒಂದೇ ಲೋಹದಲ್ಲಿದ್ದುವು.

ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ದೊಡ್ಡ ಪ್ರಮಾಣದಲ್ಲಿ ಬಂದುದು 1902ರ ಜೂನ್ ತಿಂಗಳಲ್ಲಿ. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ಶಕ್ತಿಯನ್ನು ಸುಮಾರು 92 ಮೈಲಿಗಳ ದೂರ ತಂತಿಯಲ್ಲಿ ಸಾಗಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಈ ಯೋಜನೆಯು, ಅವರು 1901ರಲ್ಲಿ ತೀರಿಕೊಂಡ ಮೇಲೆ ಫಲಿಸಿತು. ಬೆಂಗಳೂರಿನ ಬೀದಿಗಳಿಗೆ ದೀಪಗಳು ಬಂದುದು ಇನ್ನೂ ಮೂರು ವರ್ಷಗಳ ತರುವಾಯ, 1905ರಲ್ಲಿ. ಗಣಿಗಳಿಗೆ ವಿದ್ಯುತ್ತು ಎಡೆಬಿಡದೆ ಬೇಕಾಗಿತ್ತು; ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಪೂರೈಕೆಯೂ ಸೊರಗುತ್ತಿತ್ತು. 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟಿಗೆ ನೀರಾವರಿಯೊಂದೇ ಕಾರಣವೆಂದು ಪಠ್ಯಪುಸ್ತಕಗಳಲ್ಲಿ ಓದಿದವರು, ಗಣಿಗಳ ಈ ಬೇಡಿಕೆಯನ್ನೂ ಅದರ ಜೊತೆಗೆ ಸೇರಿಸಿಕೊಳ್ಳಬೇಕು.

ಗಣಿಯೆಂದರೆ ಇಲ್ಲಿ ಸಾಮಾನ್ಯವಾದ ಆಳವಲ್ಲ. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ 10,000 ಅಡಿಗಳಿಗೂ ಮೀರಿ ಇಳಿಯಿತು. ಇಂಥ ಆಳಕ್ಕೆ ಜನರನ್ನು ಇಳಿಸುವ ಕೇಜು ಉಕ್ಕಿನ ಹಗ್ಗದಲ್ಲಿ ತೂಗುತ್ತದೆ. ಹಗ್ಗವು ಮೇಲಿನ ದೊಡ್ಡ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಎಂಜಿನ್ ನಡೆಸುವವನು ಕುಳಿತಿರುವುದು ಮೇಲಿನ ಮನೆಯಲ್ಲಿ. ಕೇಜನ್ನಾಗಲಿ ಅದರೊಳಗಿನವರನ್ನಾಗಲಿ ಅವನು ಕಾಣಲಾರನು. ಅವನಿಗೆ ಇರುವ ಕಣ್ಣು ಒಂದೇ, ಆಳದ ಸೂಚಕ. ಡ್ರಮ್ಮಿನ ಅಚ್ಚಿಗೆ ಹಲ್ಲುಗಾಲಿಗಳ ಮೂಲಕ ಜೋಡಿಸಿದ ಉದ್ದನೆಯ ತಿರುಪು ಅಥವಾ ದೊಡ್ಡ ಮುಖಫಲಕ. ಅದರ ಮೇಲೆ ಸರಿಯುವ ಮುಳ್ಳು. ಕೇಜು ಮೇಲ್ದಳವನ್ನು ಸಮೀಪಿಸಿದಾಗ ಬಾರಿಸುವ ಗಂಟೆ. ಬ್ರಿಟನ್ನಿನ 1887ರ ಕಲ್ಲಿದ್ದಲ ಗಣಿಗಳ ಕಾಯಿದೆಯು, ಹಗ್ಗದ ಮೇಲಿನ ಗುರುತಲ್ಲದೆ ಇಂಥ ಸೂಚಕವೊಂದು ಇರಲೇಬೇಕೆಂದು ವಿಧಿಸಿತ್ತು. ನಮ್ಮ ದೇಶದ ಲೋಹಗಣಿಗಳ 1961ರ ನಿಯಮಾವಳಿಯಲ್ಲಿಯೂ ಅದೇ ವಿಧಿ ಬಂದಿದೆ. ಹಗ್ಗದ ಮೇಲೆ ಬಣ್ಣದ ಗುರುತು ಒಂದು ಸಾಕ್ಷಿ, ಮುಳ್ಳು ಇನ್ನೊಂದು ಸಾಕ್ಷಿ. ಜನರ ಪ್ರಾಣವು ತೂಗುವಲ್ಲಿ ಒಂದೇ ಸಾಕ್ಷಿಯನ್ನು ಕಾನೂನು ನಂಬಲಿಲ್ಲವೆಂಬುದನ್ನು ಗಮನಿಸಬೇಕು.

ಈಗ ವಿದ್ಯುತ್ತು ತಪ್ಪಿತೆನ್ನೋಣ. ಶಕ್ತಿಯಿದ್ದಷ್ಟು ಕಾಲ ಎತ್ತಿಹಿಡಿಯಲ್ಪಟ್ಟಿದ್ದ ಬ್ರೇಕು, ಶಕ್ತಿ ಹೋದೊಡನೆ ತನ್ನ ತೂಕದಿಂದಲೇ ಬಿದ್ದು ಡ್ರಮ್ಮನ್ನು ಕಚ್ಚುತ್ತದೆ. ಕೇಜು ಕತ್ತಲ ಕೊಳವೆಯ ನಡುವೆ ನಿಲ್ಲುತ್ತದೆ. ಅದರೊಳಗೆ ನಿಂತವರ ಮನಸ್ಸಿನಲ್ಲಿ ಏನು ನಡೆಯುತ್ತಿದ್ದಿತೋ ನಮ್ಮ ದಾಖಲೆಗಳು ಹೇಳುವುದಿಲ್ಲ. ಆದರೆ ಮುಳ್ಳು ಎಲ್ಲಿತ್ತೋ ಅಲ್ಲಿಯೇ ಇರುತ್ತದೆ. ವಿದ್ಯುತ್ತು ಹತ್ತು ನಿಮಿಷಕ್ಕೆ ಬರಲಿ, ಮರುದಿನ ಬರಲಿ, ಎಂಜಿನ್ ನಡೆಸುವವನು ಯಾರನ್ನೂ ಕೇಳದೆ ಮುಳ್ಳನ್ನು ನೋಡಿ ಮುಂದುವರಿಯಬಹುದು. ಶಕ್ತಿಯ ಜಾಗದಲ್ಲಿ ವಿದ್ಯುತ್ತು ಬಂದಿದ್ದರೂ ನೆನಪು ಮಾತ್ರ ಇನ್ನೂ ಲೋಹದಲ್ಲಿಯೇ ಇತ್ತು. ಈ ಹಂತವನ್ನು ನಾವು ವಿಶೇಷವಾಗಿ ಎತ್ತಿ ಹೇಳುವುದೇಕೆಂದರೆ, ವಿದ್ಯುತ್ತಿನ ಆಗಮನದಿಂದಲೇ ಮರೆವಿನ ಸಮಸ್ಯೆ ಹುಟ್ಟಿತೆಂಬ ಸರಳವಾದ ಕಥನವು ಇದರಿಂದ ಬಿದ್ದುಹೋಗುತ್ತದೆ.

ಹಾಗೆಂದು ಆ ಮುಳ್ಳು ದೋಷರಹಿತವೆಂದು ಯಾರೂ ಭಾವಿಸಬಾರದು. ಮುಳ್ಳು ಬಲ್ಲುದು ಡ್ರಮ್ಮನ್ನೇ ಹೊರತು ಕೇಜನ್ನಲ್ಲ. ಸಾವಿರಾರು ಅಡಿಗಳ ಹಗ್ಗವು ಭಾರಕ್ಕೆ ಅಡಿಗಳ ಲೆಕ್ಕದಲ್ಲಿ ಹಿಗ್ಗುತ್ತದೆ. ಹೊಸ ಹಗ್ಗವು ಹಳೆಯದಾಗುತ್ತ ಕಾಯಮ್ಮಾಗಿ ಉದ್ದವಾಗುತ್ತದೆ. ಜೋಡಿ ಡ್ರಮ್ಮುಗಳಲ್ಲಿ ಒಂದನ್ನು ಬಿಡಿಸಿ ಬೇರೊಂದು ತಳಕ್ಕೆ ಹೊಂದಿಸಿದಾಗ ಮುಳ್ಳನ್ನೂ ಹೊಂದಿಸದಿದ್ದರೆ, ಅದು ಸುಳ್ಳನ್ನೇ ನಿಜವೆಂಬಂತೆ ತೋರಿಸುತ್ತಿರುತ್ತದೆ. ಆದುದರಿಂದ ಮುಳ್ಳನ್ನೂ ಹಗ್ಗದ ಗುರುತನ್ನೂ ಆಗಾಗ್ಗೆ ತಾಳೆನೋಡುವುದು ಅವಶ್ಯಕ. ಕೋಲಾರದ ಗಣಿಗಳು 2001ರ ಫೆಬ್ರವರಿ ತಿಂಗಳಲ್ಲಿ ಮುಚ್ಚಿದುವು.

ಪನಾಮಾ ಕಾಲುವೆಯನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗೋಣ. 1914ರಲ್ಲಿ ತೆರೆದ ಆ ಕಾಲುವೆಯ ಬಾಗಿಲುಗಳ ಮತ್ತು ನೀರಿನ ಕವಾಟಗಳ ಸ್ಥಾನವನ್ನು ದೂರದ ಫಲಕದ ಮೇಲೆ ತೋರಿಸಲು, ತಂತಿಗಳಿಂದ ಜೋಡಿಸಿದ ಎರಡು ಸಣ್ಣ ವಿದ್ಯುದ್ಯಂತ್ರಗಳನ್ನು ಬಳಸಿದರು. ಅಲ್ಲಿಯದು ಎಷ್ಟು ತಿರುಗಿದರೆ ಇಲ್ಲಿಯದೂ ಅಷ್ಟೇ ತಿರುಗುತ್ತದೆ. ಮುಂದೆ ಸೆಲ್ಸಿನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಜೋಡಿಯು, ವಿದ್ಯುತ್ತು ಹೋಗಿ ಬಂದಾಗ ತಾನಾಗಿ ನಿಜವಾದ ಸ್ಥಾನಕ್ಕೆ ಹೊರಳಿಕೊಳ್ಳುತ್ತದೆ. ಆದರೆ ಅದು ಒಂದು ಸುತ್ತಿನೊಳಗಿನ ಸ್ಥಾನಕ್ಕೆ ಮಾತ್ರ. ಸಂವತ್ಸರವನ್ನು ಬಲ್ಲುದು, ಶಕವರ್ಷವನ್ನು ಅರಿಯದು.

ನೆನಪು ಲೋಹವನ್ನು ಬಿಟ್ಟು ಹೊರಬಂದುದು ಎರಡನೆಯ ಮಹಾಯುದ್ಧದ ತರುವಾಯದ ಕಾಲದಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ತೂತುಪಟ್ಟಿಯ ಸಂಖ್ಯೆಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಪ್ರದರ್ಶಿಸಿದರು. ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಹಿಂದುಸ್ತಾನ್ ಮಷಿನ್ ಟೂಲ್ಸ್ ಸ್ಥಾಪಿತವಾಯಿತು. 1962ರಲ್ಲಿ ಚೆಕೊಸ್ಲೊವಾಕಿಯದ ನೆರವಿನಿಂದ ಕೇಂದ್ರ ಯಂತ್ರೋಪಕರಣ ಸಂಸ್ಥೆಯೂ ಬೆಂಗಳೂರಿನಲ್ಲಿಯೇ ಆಯಿತು. ಜಾಲಹಳ್ಳಿಯ ಮೊದಲ ಲೇತುಗಳು ಕೈಹಿಡಿಯ ಲೇತುಗಳೇ. ಆದರೆ ಜಗತ್ತಿನ ಯಂತ್ರಶಾಲೆಗಳು ಸಂಖ್ಯೆಗಳತ್ತ ಹೊರಳಿದ್ದುವು. ಮುಂದಿನ ದಶಕಗಳಲ್ಲಿ ಕರ್ನಾಟಕವೂ ಆ ದಾರಿಯನ್ನು ಹಿಡಿಯಿತು.

ಸರ್ವೋ ಡ್ರೈವ್ ಎಂದು ಇಂದು ಕರೆಯುವ ಸಾಧನದ ಕೆಲಸವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಮೋಟಾರಿನ ಬೆನ್ನಿಗೆ ಎನ್‌ಕೋಡರ್ ಎಂಬ ಗಾಜಿನ ಅಥವಾ ಲೋಹದ ಬಿಲ್ಲೆಯಿರುತ್ತದೆ, ಬಿಲ್ಲೆಯ ಮೇಲೆ ಸೂಕ್ಷ್ಮವಾದ ಗೆರೆಗಳು. ಬಿಲ್ಲೆ ತಿರುಗಿದಂತೆ ಬೆಳಕು ಮಿನುಗುತ್ತದೆ. ಡ್ರೈವು ಮಿನುಗುಗಳನ್ನು ಎಣಿಸುತ್ತದೆ. ಗೆರೆಗಳನ್ನು ನೋಡುವ ಎರಡು ಕಣ್ಣುಗಳನ್ನು ಕಾಲು ಗೆರೆಯಷ್ಟು ಅಂತರದಲ್ಲಿ ಇಡುವುದರಿಂದ, ಯಾವುದು ಮೊದಲು ಮಿನುಗಿತೆಂಬುದನ್ನು ನೋಡಿ ಮೋಟಾರು ಮುಂದೆ ತಿರುಗಿತೋ ಹಿಂದೆ ತಿರುಗಿತೋ ತಿಳಿಯುತ್ತದೆ. 2,500 ಗೆರೆಗಳ ಬಿಲ್ಲೆಯು ಒಂದು ಸುತ್ತಿಗೆ 10,000 ಎಣಿಕೆಗಳನ್ನು ಕೊಡುತ್ತದೆ. ಆ ಮೋಟಾರಿಗೆ ಜೋಡಿಸಿದ ತಿರುಪು ಸುತ್ತಿಗೆ 10 ಮಿಲಿಮೀಟರು ಸರಿಯುವುದಾದರೆ, ಒಂದು ಎಣಿಕೆಯೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಕೈಹಿಡಿಯ ಲೇತಿನಲ್ಲಿ ಕನಸಿನಲ್ಲಿಯೂ ಕಾಣದ ನಿಷ್ಕೃಷ್ಟತೆಯಿದು. ಆದರೆ ಇದು ಗಳಿಗೆ ಬಟ್ಟಲಿನ ನಿಷ್ಕೃಷ್ಟತೆ. ಬಿಲ್ಲೆಗೆ ತಾನೆಲ್ಲಿದ್ದೇನೆಂಬುದು ತಿಳಿಯದು. ಎಣಿಕೆಯು ಡ್ರೈವಿನ ನೆನಪಿನಲ್ಲಿದೆ. ಆ ನೆನಪು ವಿದ್ಯುತ್ತಿನಿಂದ ಉಸಿರಾಡುತ್ತದೆ. ಉಸಿರು ನಿಂತೊಡನೆ ಸೊನ್ನೆ. ಮರಳಿ ಪ್ರಾರಂಭಿಸುವಾಗ ಯಂತ್ರವು ಮೆಲ್ಲಗೆ ಹರಿದುಕೊಂಡು ಒಂದು ನಿಶ್ಚಿತವಾದ ಮೂಲೆಗೆ ಹೋಗಿ, ಅಲ್ಲಿಯ ಗುರುತನ್ನು ಮುಟ್ಟಿ, ಮತ್ತೆ ಒಂದರಿಂದ ಎಣಿಸಬೇಕು. ಕೆಲಸದ ನಡುವೆ, ಕತ್ತರಿಸುವ ಉಳಿಯು ಲೋಹದೊಳಗೆ ಹೊಕ್ಕಿರುವಾಗ ವಿದ್ಯುತ್ತು ಹೋದರೆ, ಹೀಗೆ ಹರಿಯುವುದೇ ಅಪಾಯ.

ಇದನ್ನು ತಪ್ಪಿಸಲು ಬಿಲ್ಲೆಯ ಮೇಲೆಯೇ ಸ್ಥಾನವನ್ನು ಬರೆದಿಡುವ ಉಪಾಯವೂ ಅದೇ ಕಾಲದಲ್ಲಿ ಬಂದಿತು. ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಎಂಬಾತನು 1947ರಲ್ಲಿ ಅರ್ಜಿ ಸಲ್ಲಿಸಿ 1953ರಲ್ಲಿ ಪೇಟೆಂಟನ್ನು ಪಡೆದ ಸಂಖ್ಯಾಲಿಪಿಯೊಂದುಂಟು. ಸಾಮಾನ್ಯವಾದ ದ್ವಿಮಾನ ಲಿಪಿಯಲ್ಲಿ ಮೂರರಿಂದ ನಾಲ್ಕಕ್ಕೆ ಹೋಗುವಾಗ ಮೂರು ಅಂಕೆಗಳು ಒಮ್ಮೆಗೇ ಬದಲಾಗಬೇಕು. ಒಂದು ತುಸು ಹಿಂದುಳಿದರೂ ಓದಿದುದು ಬೇರೇನೋ ಆಗುತ್ತದೆ. ಗ್ರೇಯ ಲಿಪಿಯಲ್ಲಿ ಒಂದು ಹೆಜ್ಜೆಗೆ ಒಂದೇ ಅಂಕೆ ಬದಲಾಗುತ್ತದೆ. ತಪ್ಪಿದರೂ ಒಂದೇ ಹೆಜ್ಜೆಯ ತಪ್ಪು. ಈ ಲಿಪಿಯನ್ನು ಬಿಲ್ಲೆಯ ಮೇಲೆ ವೃತ್ತವೃತ್ತವಾಗಿ ಬರೆದರೆ, ವಿದ್ಯುತ್ತು ಬಂದ ಕ್ಷಣದಲ್ಲಿಯೇ ಸ್ಥಾನವನ್ನು ಓದಬಹುದು. ಬಟ್ಟಲು ಹೋಗಿ ನೆರಳುಗಡಿಯಾರ ಬಂದಂತಾಯಿತು. ಆದರೂ ಬಾಬರನ ಪ್ರಶ್ನೆ ಉಳಿಯಿತು: ಎಷ್ಟನೆಯ ಸುತ್ತು? ಮೇಲೆ ಹೇಳಿದ ತಿರುಪಿನಲ್ಲಿ ಸುತ್ತೊಂದು ತಪ್ಪಿದರೆ ಉಳಿಯು 10 ಮಿಲಿಮೀಟರು ತಪ್ಪಿದ ಜಾಗದಲ್ಲಿರುತ್ತದೆ. ಸಾವಿರದ ಒಂದು ಭಾಗದ ನಿಷ್ಕೃಷ್ಟತೆಯಿಂದ ತಪ್ಪಾಗಿರುತ್ತದೆ.

ಸುತ್ತುಗಳನ್ನು ಉಳಿಸಿಕೊಳ್ಳಲು ಹೂಡಿದ ಉಪಾಯಗಳಲ್ಲಿ ಮೊದಲನೆಯದು ಬಹಳ ಹಳೆಯದು: ಸಣ್ಣ ಹಲ್ಲುಗಾಲಿಗಳ ಸಾಲು. ಮನೆಯ ಹಳೆಯ ವಿದ್ಯುತ್ ಮೀಟರಿನಲ್ಲಿ ಉರುಳುತ್ತಿದ್ದ ಅಂಕೆಗಳನ್ನು ನೆನೆಸಿಕೊಂಡರೆ ಸಾಕು. ವಿದ್ಯುತ್ತು ಹೋದಾಗ ಆ ಮೀಟರು ಏನನ್ನೂ ಮರೆಯುತ್ತಿರಲಿಲ್ಲ. ಗಟ್ಟಿಯಾದ ಉಪಾಯವಿದು, ಆದರೆ ಗಾಲಿಗಳು ಜಾಗವನ್ನು ಬೇಡುತ್ತವೆ, ಸವೆಯುತ್ತವೆ, ಬೆಲೆಯೂ ಹೆಚ್ಚು.

ಎರಡನೆಯದು ಅಗ್ಗದ್ದು. ವಿದ್ಯುತ್ತು ಕುಸಿಯತೊಡಗಿತೆಂದು ಅರಿತೊಡನೆ, ಒಳಗೆ ಶೇಖರವಾಗಿರುವ ಅಲ್ಪ ವಿದ್ಯುತ್ತು ಮುಗಿಯುವುದರೊಳಗಾಗಿ, ಡ್ರೈವು ಕೊನೆಯ ಎಣಿಕೆಯನ್ನು ಅಳಿಯದ ಸ್ಮೃತಿಗೆ ಬರೆದುಬಿಡುತ್ತದೆ. ಸದಾಕಾಲವೂ ಬರೆಯುತ್ತಿದ್ದರಾಗದೆ ಎಂದು ಕೇಳಬಹುದು. ಅಂಥ ಸ್ಮೃತಿಯು ಸಾಮಾನ್ಯವಾಗಿ ಒಂದು ಲಕ್ಷ ಬರವಣಿಗೆಗಳ ಪ್ರಮಾಣವನ್ನಷ್ಟೇ ತಾಳುತ್ತದೆ. ಸೆಕೆಂಡಿಗೊಂದರಂತೆ ಬರೆದರೆ 28 ಗಂಟೆಗಳೊಳಗೆ ಲಕ್ಷವು ಮುಗಿಯುತ್ತದೆ. ಆದುದರಿಂದ ಕೊನೆಯ ಉಸಿರಿನಲ್ಲಿಯೇ ಮರಣಶಾಸನವನ್ನು ಬರೆಯುವ ಪದ್ಧತಿ. ಇದರ ಮೂಲದೋಷವು ಬರೆಯುವುದರಲ್ಲಿಲ್ಲ. ಬರೆದ ಮೇಲೆ, ಕತ್ತಲಲ್ಲಿ, ಯಂತ್ರವು ಸರಿದರೆ? ಭಾರವಾದ ತೋಳು ಇಳಿಯಬಹುದು, ಯಾರಾದರೂ ತಳ್ಳಬಹುದು, ಓಟದಲ್ಲಿದ್ದ ಗಾಲಿ ಇನ್ನೂ ನಾಲ್ಕು ಸುತ್ತು ಉರುಳಿ ನಿಲ್ಲಬಹುದು. ಆಗ ಉಳಿದಿರುವುದು ನೆನಪಲ್ಲ, ಸುಳ್ಳು ನೆನಪು. ಮರೆತ ಯಂತ್ರವು ಮೂಲೆಗೆ ಹೋಗಿ ಕೇಳಿಕೊಂಡು ಬರುತ್ತದೆ; ಸುಳ್ಳು ನೆನಪಿನ ಯಂತ್ರವು ಯಾರನ್ನೂ ಕೇಳದೆ ಪೂರ್ಣ ವೇಗದಿಂದ ಹೊರಡುತ್ತದೆ. ಎರಡರಲ್ಲಿ ಎರಡನೆಯದೇ ಹೆಚ್ಚು ಭಯಂಕರವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಗಣಿಯ ಸೂಚಕದ ಮುಳ್ಳು ಕತ್ತಲಲ್ಲಿಯೂ ಡ್ರಮ್ಮಿನ ಜೊತೆಗೇ ಸರಿಯುತ್ತಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು.

ಮೂರನೆಯ ಉಪಾಯ ಬ್ಯಾಟರಿ. ಕಾರ್ಖಾನೆಯ ವಿದ್ಯುತ್ತು ಹೋದರೂ 3.6 ವೋಲ್ಟಿನ ಸಣ್ಣ ಲಿಥಿಯಂ ಬ್ಯಾಟರಿಯು ಎನ್‌ಕೋಡರಿನ ಒಂದು ಭಾಗವನ್ನು ಎಚ್ಚರವಾಗಿಟ್ಟು ಸುತ್ತುಗಳನ್ನು ಎಣಿಸುತ್ತಿರುತ್ತದೆ. ಇದು ಕಾವಲುಗಾರನನ್ನು ನೇಮಿಸಿದಂತೆ. ಕೆಲವು ವರ್ಷಗಳ ಸೇವೆಯ ಬಳಿಕ ಅವನು ಸಾಯುತ್ತಾನೆ. ಸಾಯುವ ಮೊದಲು ಎಚ್ಚರಿಕೆಯನ್ನೂ ಕೊಡುತ್ತಾನೆ. ಅವನ ಸ್ಥಾನದಲ್ಲಿ ಹೊಸಬನನ್ನು ಕೂರಿಸುವಾಗ ಯಂತ್ರಕ್ಕೆ ವಿದ್ಯುತ್ತು ಇರಲೇಬೇಕು. ವಿದ್ಯುತ್ತನ್ನು ಆರಿಸಿ ಬ್ಯಾಟರಿಯನ್ನು ತೆಗೆದರೆ ಎಣಿಕೆಯು ಆ ಕ್ಷಣದಲ್ಲಿಯೇ ಹೋಗುತ್ತದೆ. ಯಾವ ವಿದ್ಯುತ್ ಸಾಮಾನನ್ನು ಬಿಚ್ಚುವುದಕ್ಕೂ ಮೊದಲು ವಿದ್ಯುತ್ತನ್ನು ಆರಿಸಬೇಕೆಂದು ಕಲಿತು ಬಂದ ಹುಡುಗರು ಇಲ್ಲಿ ಎಡವುವುದು ಸಹಜವೇ ಆಗಿದೆ.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದು ಒಂದು ಪ್ರಸಂಗದಿಂದ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯೂ ಮುಚ್ಚಿತು. ಅಲ್ಲಿಯ ಯಂತ್ರವೊಂದರ ಬ್ಯಾಟರಿಯನ್ನು ಬದಲಿಸುವ ಕಾಲ ಮೊದಲೇ ಮೀರಿತ್ತು. ತಿಂಗಳುಗಳ ಮೇಲೆ ಬಾಗಿಲು ತೆರೆದಾಗ ಯಂತ್ರವು ತನ್ನ ಸ್ಥಾನವನ್ನು ಅರಿಯದೆ ಎಚ್ಚರಿಕೆಯ ದೀಪವನ್ನು ಹೊತ್ತಿಸಿ ನಿಂತಿತು. ಮಾಲು ಒಪ್ಪಿಸುವ ಅವಸರದಲ್ಲಿ, ಯಂತ್ರ ನಡೆಸುವ ಯುವಕನು ಕಣ್ಣಂದಾಜಿನಿಂದ ಒಂದು ಜಾಗವನ್ನು ಸೊನ್ನೆಯೆಂದು ಒಪ್ಪಿಸಿಬಿಟ್ಟನು. ಮೊದಲ ಓಟದಲ್ಲಿಯೇ ಉಳಿಯ ತಲೆಯು ಹಿಡಿಕೆಗೆ ಬಡಿಯಿತು. ಸಿಡಿದ ಚೂರು ಬಾಗಿಲ ಗಾಜನ್ನು ಸೀಳಿತು. ಬಾಗಿಲು ಮುಚ್ಚಿತ್ತಾದುದರಿಂದ ಯಾರಿಗೂ ಗಾಯವಾಗಲಿಲ್ಲ. ಯುವಕನ ಸಂಬಳದಲ್ಲಿ ಹಾನಿಯನ್ನು ಮುರಿದುಕೊಳ್ಳುವ ಮಾತು ನಡೆಯಿತು.

ಆ ಯಂತ್ರವನ್ನು ಮೊದಲು ಕೂರಿಸಿದ್ದವರು ಸಖರಾಯಪಟ್ಟಣದ ಕಡೆಯ ಹಿರಿಯ ಫಿಟ್ಟರೊಬ್ಬರು, ನಿವೃತ್ತರಾಗಿ ಊರಿನಲ್ಲಿದ್ದರು. ಅವರನ್ನು ಕರೆಯಿಸಿದರು. ಅವರು ಬಂದವರೇ ಪರದೆಯನ್ನು ನೋಡಲಿಲ್ಲ. ಯಂತ್ರದ ಪಕ್ಕದ ಎಣ್ಣೆಜಿಡ್ಡನ್ನು ಬಟ್ಟೆಯಿಂದ ಒರೆಸಿದರು. ಜಾರುಪೀಠದ ಮೇಲೊಂದು, ಕೆಳಗಿನ ಹಾಸಿನ ಮೇಲೊಂದು, ಸೂಜಿಮೊನೆಯಿಂದ ಕೊರೆದ ಎರಡು ಗೆರೆಗಳು ಕಂಡುವು. ಯಂತ್ರವನ್ನು ಕೂರಿಸಿದ ದಿನವೇ ಅವರು ಅವನ್ನು ಕೊರೆದಿದ್ದರು. ಪೀಠವನ್ನು ಮೆಲ್ಲಗೆ ಸರಿಸಿ ಎರಡು ಗೆರೆಗಳನ್ನೂ ಒಂದಾಗಿಸಿದರೆ ಸುತ್ತು ಯಾವುದೆಂಬುದು ನಿಶ್ಚಯವಾಯಿತು. ಸುತ್ತಿನೊಳಗಿನ ಸೂಕ್ಷ್ಮವನ್ನು ಬಿಲ್ಲೆಯೇ ಹೇಳಿತು. ಕಣ್ಣಿಗೆ ಕಾಣುವ ಗೆರೆಯಿಂದ ಸಾವಿರದ ಒಂದು ಭಾಗವನ್ನು ಹಿಡಿಯಲಾಗದು, ಆದರೆ 10 ಮಿಲಿಮೀಟರಿನ ಸುತ್ತನ್ನು ಧಾರಾಳವಾಗಿ ಹಿಡಿಯಬಹುದು. ಶಾಸನದ ಸಂವತ್ಸರಕ್ಕೆ ಲಿಪಿಯ ರೂಪದಿಂದ ನಾವು ಚಕ್ರವನ್ನು ಹೊಂದಿಸುವ ಕ್ರಮವೂ ಇದೇ ಅಲ್ಲವೆ! ಸಂಬಳದ ಮಾತು ಬಂದಾಗ ಅವರು ಮಾಲೀಕರಿಗೆ ಹೇಳಿದ್ದು ಇಷ್ಟು: "ಹುಡುಗನದೇನು ತಪ್ಪು ಸ್ವಾಮಿ? ಗೆರೆ ಎಲ್ಲಿದೆ ಅಂತ ಅವನಿಗೆ ಯಾರು ತೋರಿಸಿದ್ದರು? ಬ್ಯಾಟರಿಯ ತಾರೀಖು ಬರೆದಿಡಬೇಕಾದವರು ನಾವು, ನೀವು." ಸಂಬಳವನ್ನು ಮುರಿಯಲಿಲ್ಲ.

ಬ್ಯಾಟರಿಯ ಹಂಗನ್ನು ತೊರೆಯುವ ಪ್ರಯತ್ನವೂ ಸಾಗಿದೆ. ಜಾನ್ ವೀಗಂಡ್ ಎಂಬಾತನು 1970ರ ದಶಕದಲ್ಲಿ ಪೇಟೆಂಟು ಪಡೆದ ಒಂದು ಬಗೆಯ ತಂತಿಯುಂಟು. ಅದನ್ನು ತಿರುಚಿ ಹದಗೊಳಿಸಿರುವುದರಿಂದ ಹೊರಪದರವೂ ಒಳತಿರುಳೂ ಅಯಸ್ಕಾಂತಕ್ಕೆ ಬೇರೆಬೇರೆಯಾಗಿ ಓಗೊಡುತ್ತವೆ. ಮೋಟಾರಿನ ಅಚ್ಚಿನ ಮೇಲಿನ ಅಯಸ್ಕಾಂತವು ತಂತಿಯ ಬಳಿ ಹಾದಾಗ, ತಂತಿಯ ಅಯಸ್ಕಾಂತತ್ವವು ಥಟ್ಟನೆ ಹೊರಳಿ, ಸುತ್ತಲಿನ ಸುರುಳಿಯಲ್ಲಿ ಒಂದು ವಿದ್ಯುತ್ಸ್ಪಂದವನ್ನು ಹುಟ್ಟಿಸುತ್ತದೆ. ಅಚ್ಚು ಎಷ್ಟೇ ನಿಧಾನವಾಗಿ ತಿರುಗಿದರೂ ಸ್ಪಂದದ ಬಲವು ಕುಂದುವುದಿಲ್ಲ. ಆ ಒಂದು ಮಿನುಗಿನ ಶಕ್ತಿಯಿಂದಲೇ ಎಣಿಕೆಯ ಮಂಡಲವು ಎಚ್ಚೆತ್ತು, ಸುತ್ತನ್ನು ಅಳಿಯದ ಸ್ಮೃತಿಗೆ ಬರೆದು, ಮತ್ತೆ ಮಲಗುತ್ತದೆ. ಕತ್ತಲಲ್ಲಿ ಯಾರಾದರೂ ಅಚ್ಚನ್ನು ತಿರುಗಿಸಿದರೆ, ತಿರುಗಿಸಿದ ಆ ಕೈಯೇ ದಾಖಲೆಗೆ ಬೇಕಾದ ಶಕ್ತಿಯನ್ನೂ ಒದಗಿಸುತ್ತದೆ. ಚಲನೆಯಿಲ್ಲದಿದ್ದರೆ ದಾಖಲಿಸಬೇಕಾದುದೂ ಏನೂ ಇಲ್ಲ. ನಮ್ಮ ವಿವೇಚನೆಯಲ್ಲಿ, 1950ರ ದಶಕದಲ್ಲಿ ಲೋಹವನ್ನು ಬಿಟ್ಟು ಹೋದ ನೆನಪು ಮತ್ತೆ ಚಲಿಸುವ ದೇಹಕ್ಕೆ ಹಿಂದಿರುಗಿದುದು ಈ ತಂತಿಯ ಮೂಲಕ. ಇದನ್ನು ಹೊಸದೊಂದು ಮುನ್ನಡೆಯೆಂದು ಮಾತ್ರ ಕರೆಯುವವರೊಡನೆ ನಮಗೆ ಪೂರ್ಣ ಸಮ್ಮತಿಯಿಲ್ಲ. ಗಣಿಯ ಸೂಚಕದ ಮುಳ್ಳಿಗೂ ತೂಬಿನ ದಂಡಕ್ಕೂ ಇದು ಸಮೀಪದ ಬಂಧು.

ನೀರಾವರಿಯಲ್ಲಿ ಈ ಪ್ರಶ್ನೆ ಮತ್ತೆ ಎದುರಾಗಿದೆ. ನಾರಾಯಣಪುರ ಎಡದಂಡೆ ಕಾಲುವೆಯ ವ್ಯಾಪ್ತಿಯಲ್ಲಿ ದೂರದಿಂದಲೇ ನಡೆಸಬಹುದಾದ ಗೇಟುಗಳನ್ನು ಈಚಿನ ವರ್ಷಗಳಲ್ಲಿ ಅಳವಡಿಸಿದ್ದಾರೆ. ಅಂಥ ಗೇಟು ತಾನು ಎಷ್ಟು ತೆರೆದಿದ್ದೇನೆಂಬುದನ್ನು ಮರೆತರೆ ಕಾಲುವೆಯ ಬಾಲದಲ್ಲಿರುವ ರೈತನ ಗದ್ದೆ ಒಣಗುತ್ತದೆ, ಇಲ್ಲವೆ ಕಾಲುವೆಯ ತಲೆಯಲ್ಲಿರುವವನ ಗದ್ದೆ ಕೊಚ್ಚಿಹೋಗುತ್ತದೆ. ಗೇಟಿನ ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನು ಬರೆದಿದ್ದರೆ ದಾರಿಹೋಕನೂ ಅದನ್ನು ಓದಿ ಹೇಳಬಲ್ಲನು. ಅಯ್ಯನಕೆರೆಯ ಏರಿಯ ಮೇಲೆ ನಡೆದುಹೋಗುವಾಗ ನಮ್ಮ ವಿದ್ಯಾರ್ಥಿಗಳು ನೀರಿನ ಸೊಬಗನ್ನು ನೋಡುವುದರ ಜೊತೆಗೆ, ತೂಬಿನ ಕಲ್ಲುಗಳ ಮೇಲೆ ಇಂಥ ಗೀರುಗಳೂ ಕಚ್ಚುಗಳೂ ಇವೆಯೇ ಎಂಬುದನ್ನು ಪರೀಕ್ಷಿಸಬೇಕೆಂದು ಕೋರುತ್ತೇವೆ. ಶಾಸನಗಳ ಪ್ರತಿಯನ್ನು ತೆಗೆಯುವವರು ಅಕ್ಷರವಿಲ್ಲದ ಕಲ್ಲುಗಳನ್ನು ಬಿಟ್ಟುಬಿಡುವುದು ವಾಡಿಕೆ. ಕಾರ್ಖಾನೆಗಳ ಹಳೆಯ ಯಂತ್ರಗಳಿಗೆ ಬಣ್ಣ ಬಳಿಯುವವರು ಸೂಜಿಮೊನೆಯ ಗೆರೆಗಳನ್ನು ಮುಚ್ಚಿಬಿಡುವುದೂ ವಾಡಿಕೆ. ಪೀಣ್ಯದ ಆ ಯಂತ್ರದ ಗೆರೆಗಳನ್ನು ಫಿಟ್ಟರು ಅಂದೇ ಮತ್ತೊಮ್ಮೆ ಆಳವಾಗಿ ಕೊರೆದು, ಅವುಗಳ ಪಕ್ಕದಲ್ಲಿ ಬ್ಯಾಟರಿಯನ್ನು ಬದಲಿಸಿದ ತಾರೀಖನ್ನು ಬರೆದು, ಯುವಕನ ಕೈಯಿಂದಲೇ ಪೀಠವನ್ನು ಎರಡು ಸಲ ಗೆರೆಗೆ ತಂದು ನೋಡಿಸಿ, ಸಂಜೆಯ ಬಸ್ಸಿಗೆ ಊರಿಗೆ ಹೊರಟರು.